ಎಂಟನೇ ದಿನ ಜಾಕಿ ಬಿಚ್ಚಬಹುದಿತ್ತಾ? ಒಂದು ಸೆಂಟ್ರಿಂಗ್ ಷರತ್ತಿನ ಪ್ರಕರಣ

ಬೆಳಿಗ್ಗೆ ಒಂಬತ್ತೂವರೆಗೆ ಸೈಟಿನಿಂದ ಫೋನ್ ಬಂತು. "ಸಾರ್, ಎರಡನೇ ಸ್ಲ್ಯಾಬ್ ಜಾಕಿ ಬಿಚ್ತಾ ಇದ್ವಿ. ಕನ್ಸಲ್ಟೆಂಟ್ ಕಡೆಯವರು ಬಂದು ನಿಲ್ಲಿಸಿಬಿಟ್ರು. ಎರಡು ಬೇ ಆಗಿದೆ, ಮಿಕ್ಕಿದ್ದು ಹಾಗೇ ಇದೆ." ಜಾಕಿ ಅಂದರೆ ಸ್ಲ್ಯಾಬಿಗೆ ಅಡಿಯಿಂದ ಆನಿಸುವ ಕಂಬ, ಕರಾರಿನ ಭಾಷೆಯಲ್ಲಿ ಪ್ರಾಪ್. ಫೋನ್ ಮಾಡಿದ್ದು ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹಿಡಿದಿಡುವ ಹಲಗೆ, ಆಧಾರ) ಮೇಸ್ತ್ರಿ. ಅವರ ದನಿಯಲ್ಲಿ ತಪ್ಪು ಮಾಡಿದ ಅಳುಕು ಇರಲಿಲ್ಲ, ಕೆಲಸ ನಿಂತ ಬೇಜಾರಿತ್ತು. ಕಾಂಕ್ರೀಟ್ ಹಾಕಿ ಅಂದಿಗೆ ಎಂಟು ದಿನ. ನಮ್ಮ ವೇಳಾಪಟ್ಟಿಯಲ್ಲಿ ಬರೆದದ್ದು ಏಳು. ಆ ಪಟ್ಟಿ ಮಾಡಿದವನು ನಾನೇ.

ನಾನು ಗುತ್ತಿಗೆದಾರರ ಕಡೆಯ ಕರಾರು ಮತ್ತು ಬಿಲ್ಲಿಂಗ್ ನೋಡುವವನು. ಕಟ್ಟಡ ಸಾಮಾನ್ಯದ್ದೇ: ನೆಲ ಅಂತಸ್ತು, ಮೇಲೆ ನಾಲ್ಕು ಮಹಡಿ, ಒಟ್ಟು ಐದು ಸ್ಲ್ಯಾಬ್. ಒಂದೊಂದು ಬೇ, ಅಂದರೆ ಬೀಮ್‌ಗಳ ನಡುವಿನ ಅಂಕಣ, 4.2 ಮೀಟರ್‌ಗೆ 6 ಮೀಟರ್. ಸ್ಲ್ಯಾಬ್ ದಪ್ಪ 150 ಮಿ.ಮೀ., ಕಾಂಕ್ರೀಟ್ ಎಂ30 (28 ದಿನಕ್ಕೆ ಚದರ ಮಿ.ಮೀ.ಗೆ 30 ನ್ಯೂಟನ್ ಬಲದ್ದು), ಸಿಮೆಂಟ್ ಹಾರುಬೂದಿ ಬೆರೆಸಿದ ಪಿಪಿಸಿ. ನಮ್ಮ ಹತ್ತಿರ ಪೂರ್ತಿ ಎರಡು ಸೆಟ್ ಪ್ಲೈ ಮತ್ತು ಪ್ರಾಪ್ ಇತ್ತು. ಹನ್ನೊಂದು ದಿನಕ್ಕೊಂದು ಸ್ಲ್ಯಾಬ್ ಅಂತ ಲೆಕ್ಕ. ಎರಡನೇ ಸ್ಲ್ಯಾಬಿನ ಅಡಿಯ ಸೆಟ್ ಬಿಚ್ಚಿದರೆ ಮಾತ್ರ ನಾಲ್ಕನೇ ಸ್ಲ್ಯಾಬಿನ ಕೆಲಸ ಶುರು.

ಮೊದಲು ಕರಾರಿನಲ್ಲಿ ಏನಿತ್ತು ಅಂತ ಹೇಳಿಬಿಡುತ್ತೇನೆ. ಸೆಂಟ್ರಿಂಗ್ ಬಿಚ್ಚುವ ಮಾತು ಮೂರು ಕಡೆ ಇತ್ತು, ಮೂರೂ ಬೇರೆ ಬೇರೆ ಕೈ ಬರೆದದ್ದು.

ತಾಂತ್ರಿಕ ವಿವರಣೆಯಲ್ಲಿ ಒಂದೇ ಸಾಲು: ಫಾರ್ಮ್‌ವರ್ಕ್ ತೆಗೆಯುವುದು ಐಎಸ್ 456 (ಭಾರತದ ಕಾಂಕ್ರೀಟ್ ಕೋಡ್) ಪ್ರಕಾರ. ಡ್ರಾಯಿಂಗ್‌ನ ಸಾಮಾನ್ಯ ಟಿಪ್ಪಣಿಗಳಲ್ಲಿ, ಹದಿನೇಳನೆಯದಾಗಿ, ಇರುವೆ ಗಾತ್ರದ ಅಕ್ಷರದಲ್ಲಿ: ಎಲ್ಲ ಸ್ಲ್ಯಾಬ್ ಮತ್ತು ಬೀಮ್‌ಗಳ ಪ್ರಾಪ್‌ಗಳು ಕನಿಷ್ಠ 14 ದಿನ ಇರಬೇಕು. ವಿಶೇಷ ಷರತ್ತುಗಳಲ್ಲಿ: ಕ್ಯೂಬ್ ಪರೀಕ್ಷೆಯಲ್ಲಿ (ಅದೇ ಕಾಂಕ್ರೀಟಿನ ಅಚ್ಚುಗಳನ್ನು ಒತ್ತಿ ಒಡೆದು ನೋಡುವುದು) ಶೇ. 70 ಬಲ ಬಂದಿದ್ದು ಎಂಜಿನಿಯರ್ ಲಿಖಿತ ಒಪ್ಪಿಗೆ ಕೊಟ್ಟರೆ ಫಾರ್ಮ್‌ವರ್ಕನ್ನು ಬೇಗ ತೆಗೆಯಬಹುದು.

ಟೆಂಡರ್ ಹಾಕುವಾಗ ನಾನು ಓದಿದ್ದು ಮೊದಲನೆಯದು ಮತ್ತು ಮೂರನೆಯದು. ಹದಿನೇಳನೇ ಟಿಪ್ಪಣಿ ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದಿದ್ದರೂ "ಇದೆಲ್ಲ ಎಲ್ಲ ಡ್ರಾಯಿಂಗ್‌ನಲ್ಲೂ ಸುಮ್ನೆ ಕಾಪಿ ಹೊಡೆದಿರ್ತಾರೆ" ಅಂತ ಮುಂದೆ ಹೋಗುತ್ತಿದ್ದೆನೋ ಏನೋ.

ನನ್ನ ಮೊದಲ ಪತ್ರ

ಅವತ್ತೇ ಸಂಜೆ ಎರಡು ಪುಟದ ಪತ್ರ ಬರೆದೆ. ಈಗ ತೆಗೆದು ಓದಿದರೆ ನಾಚಿಕೆಯಾಗುತ್ತದೆ, ಆದರೆ ಆಗ ಗಟ್ಟಿ ಪತ್ರ ಅನ್ನಿಸಿತ್ತು. ವಾದ ಹೀಗಿತ್ತು. ಐಎಸ್ 456ರ ಕೋಷ್ಟಕದಲ್ಲಿ 4.5 ಮೀಟರ್‌ವರೆಗಿನ ಸ್ಪ್ಯಾನಿನ (ಆಧಾರಗಳ ನಡುವಿನ ಅಂತರ) ಸ್ಲ್ಯಾಬ್ ಪ್ರಾಪ್‌ಗಳಿಗೆ 7 ದಿನ, ಅದಕ್ಕಿಂತ ಜಾಸ್ತಿ ಇದ್ದರೆ 14 ದಿನ. ನಮ್ಮದು ಎರಡು ದಿಕ್ಕಿನ ಸ್ಲ್ಯಾಬ್, ಭಾರ ಹೆಚ್ಚಾಗಿ ಹೋಗುವುದು ಗಿಡ್ಡ ದಿಕ್ಕಿನಲ್ಲಿ, ಅದು 4.2. ಹಾಗಾಗಿ 7 ದಿನ ಸಾಕು. ಬೀಮ್‌ಗಳಿಗೆ 6 ಮೀಟರ್‌ವರೆಗೆ 14 ದಿನ ಅಂತಿದೆ, ಆ ಪ್ರಾಪ್‌ಗಳನ್ನು ನಾವು ಮುಟ್ಟಿಯೇ ಇಲ್ಲ. ಏಳನೇ ದಿನದ ಕ್ಯೂಬ್‌ಗಳ ಸರಾಸರಿ ಚದರ ಮಿ.ಮೀ.ಗೆ 22.4 ನ್ಯೂಟನ್, ಅಂದರೆ ಎಂ30ರ ಶೇ. 70 ಆದ 21ಕ್ಕಿಂತ ಮೇಲೆ. ಕೊನೆಗೆ ಒಂದು ಒಗ್ಗರಣೆ: ಕರಾರಿನ ಭಾಗಗಳಲ್ಲೇ ಗೊಂದಲವಿದ್ದರೆ ಅದನ್ನು ಬರೆದವರ ವಿರುದ್ಧವೇ ಅರ್ಥ ಮಾಡಬೇಕು.

ಕನ್ಸಲ್ಟೆಂಟ್ ಸಂಸ್ಥೆಯ ಹಿರಿಯ ಎಂಜಿನಿಯರ್ ಪತ್ರಕ್ಕೆ ಪತ್ರ ಬರೆಯಲಿಲ್ಲ. "ಸೈಟಿಗೆ ಬನ್ನಿ, ಕೂತು ಓದೋಣ" ಅಂದರು. ಅವರ ಆ ನಿರ್ಧಾರದಿಂದಲೇ ಈ ಪ್ರಕರಣ ಪಂಚಾಯಿತಿಗೆ ಹೋಗಲಿಲ್ಲ ಅಂತ ನನ್ನ ನಂಬಿಕೆ.

ಕೋಷ್ಟಕದ ಮೇಲಿನ ಎರಡು ಸಾಲು

ಅವರು ಮೊದಲು ಕೇಳಿದ್ದು, "ಕೋಷ್ಟಕ ಓದಿದಿರಿ, ಅದರ ಮೇಲಿನ ಸಾಲು ಓದಿದಿರಾ?"

ಐಎಸ್ 456ರಲ್ಲಿ ನಿಯಮ ಅಂತ ಇರುವುದು ದಿನಗಳ ಲೆಕ್ಕವಲ್ಲ. ಬಿಚ್ಚುವ ಹೊತ್ತಿಗೆ ಕಾಂಕ್ರೀಟಿನ ಮೇಲೆ ಎಷ್ಟು ಒತ್ತಡ ಬೀಳುತ್ತದೋ ಅದರ ಎರಡರಷ್ಟಾದರೂ ಬಲ ಬಂದಿರಬೇಕು, ಇದೇ ನಿಯಮ. ದಿನಗಳ ಪಟ್ಟಿ ಬರುವುದು ಅದಾದ ಮೇಲೆ, ಮೂರು ಷರತ್ತಿನೊಂದಿಗೆ: ವಾತಾವರಣದ ಉಷ್ಣತೆ 15 ಡಿಗ್ರಿಗಿಂತ ಕೆಳಗೆ ಹೋಗಿರಬಾರದು, ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ ಆಗಿರಬೇಕು, ಕ್ಯೂರಿಂಗ್ ಚೆನ್ನಾಗಿ ಆಗಿರಬೇಕು. ಇವು ಮೂರೂ ಇದ್ದರೆ ಇಷ್ಟು ದಿನ ಕಳೆದದ್ದನ್ನೇ ನಿಯಮ ಪಾಲಿಸಿದಂತೆ ಎಂದುಕೊಳ್ಳಬಹುದು, ಅಷ್ಟೇ. ಬೇರೆ ಸಿಮೆಂಟ್ ಅಥವಾ ಕಡಿಮೆ ಉಷ್ಣತೆಯಾದರೆ ದಿನಗಳನ್ನು ತಕ್ಕಂತೆ ಬದಲಿಸಿಕೊಳ್ಳಬೇಕು ಅಂತಲೂ ಅಲ್ಲೇ ಇದೆ.

ನಮ್ಮದು ಪಿಪಿಸಿ, ಮೊದಲ ವಾರ ಬಲ ನಿಧಾನ. ಆ ವಾರ ರಾತ್ರಿ ಉಷ್ಣತೆ ಹದಿನೈದರ ಕೆಳಗೆ ಇಳಿದದ್ದು ನಮ್ಮದೇ ಸೈಟ್ ಡೈರಿಯಲ್ಲಿ ಬರೆದಿತ್ತು. ಮೂರರಲ್ಲಿ ಎರಡು ಷರತ್ತು ಬಿದ್ದುಹೋಯಿತು. ನಾನು ಹಿಡಿದುಕೊಂಡಿದ್ದ 7 ದಿನ ಆ ಪುಟದಲ್ಲಿ ಇತ್ತು, ಆದರೆ ನಮಗೆ ಇರಲಿಲ್ಲ.

"ಕ್ಯೂಬ್ ಇದೆಯಲ್ಲ ಸರ್" ಅಂದೆ. ಅವರು ಕ್ಯೂಬ್ ತೊಟ್ಟಿಯ ಕಡೆ ಕೈ ತೋರಿಸಿದರು. ಪ್ರಯೋಗಾಲಯದ ಕ್ಯೂಬ್‌ಗಳನ್ನು 27 ಡಿಗ್ರಿ ಆಸುಪಾಸಿನ ನೀರಿನಲ್ಲಿ ಇಡುತ್ತೇವೆ. ಈ ಕಾಂಕ್ರೀಟಿಗೆ ಎಷ್ಟು ಬಲ ಬರಬಲ್ಲದು ಅಂತ ಅದು ಹೇಳುತ್ತದೆ. ಚಳಿಗಾಳಿಯಲ್ಲಿ ಗೋಣಿಚೀಲ ಹೊದ್ದು ಮಲಗಿರುವ ಸ್ಲ್ಯಾಬಿಗೆ ಎಷ್ಟು ಬಂದಿದೆ ಅಂತ ಹೇಳುವುದಿಲ್ಲ. ಅದಕ್ಕೆ ಸ್ಲ್ಯಾಬಿನ ಪಕ್ಕದಲ್ಲೇ, ಅದೇ ಬಿಸಿಲು ಅದೇ ಚಳಿಯಲ್ಲಿ ಇಟ್ಟ ಕ್ಯೂಬ್ ಬೇಕು. ವಿಶೇಷ ಷರತ್ತಿನಲ್ಲಿ ಯಾವ ಕ್ಯೂಬ್ ಅಂತ ಬರೆದಿರಲಿಲ್ಲ. ಅಕ್ಷರಶಃ ಓದಿದರೆ ನಮ್ಮ 22.4 ನಡೆಯುತ್ತಿತ್ತು. ಆದರೆ ಷರತ್ತು ಇರುವುದೇ ಸ್ಲ್ಯಾಬಿನ ಬಲ ತಿಳಿಯಲು ತಾನೇ, ತೊಟ್ಟಿಯದ್ದನ್ನಲ್ಲ. ಈ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಒಂದೇ ಪದ, ಮೂರು ಕೆಲಸ

ಇಲ್ಲಿ ಸ್ವಲ್ಪ ನಿಲ್ಲಬೇಕು, ಜಗಳದ ಬೇರು ಇರುವುದು ಇಲ್ಲಿ.

ಸೈಟಿನಲ್ಲಿ ನಾವು "ಸೆಂಟ್ರಿಂಗ್ ಬಿಚ್ಚೋದು" ಅನ್ನುತ್ತೇವೆ. ಬೀಮಿನ ಪಕ್ಕದ ಹಲಗೆ ತೆಗೆದರೂ ಅದೇ ಮಾತು, ಸ್ಲ್ಯಾಬಿನ ಅಡಿಯ ಪ್ಲೈ ಇಳಿಸಿದರೂ ಅದೇ, ಜಾಕಿ ಎಳೆದು ಹಾಕಿದರೂ ಅದೇ. ಕೋಡ್ ಇವನ್ನು ಬೇರೆ ಬೇರೆ ಇಡುತ್ತದೆ. ಪಕ್ಕದ ಹಲಗೆಗೆ 16ರಿಂದ 24 ಗಂಟೆ. ಸ್ಲ್ಯಾಬಿನ ಅಡಿಯ ಪ್ಲೈಗೆ 3 ದಿನ, ಬೀಮಿನ ಅಡಿಗೆ 7 ದಿನ, ಆದರೆ ಎರಡಕ್ಕೂ "ತೆಗೆದ ತಕ್ಷಣ ಪ್ರಾಪ್ ಮತ್ತೆ ಕೊಡಬೇಕು" ಅನ್ನುವ ಕಟ್ಟು. ಪ್ರಾಪ್‌ಗೆ ಮತ್ತೆ ಬೇರೆ ದಿನ.

ಈಗ ನಮ್ಮ ಕರಾರು ನೋಡಿ. ಡ್ರಾಯಿಂಗ್ ಹೇಳುವುದು "ಪ್ರಾಪ್". ವಿಶೇಷ ಷರತ್ತು ಹೇಳುವುದು "ಫಾರ್ಮ್‌ವರ್ಕ್". ಒಂದೇ ಕರಾರಿನಲ್ಲಿ ಎರಡು ಪದ ಬಂದರೆ ಎರಡು ಅರ್ಥ ಅಂತ ಹಿಡಿಯುವುದು ವಾಡಿಕೆ. ಹಾಗೆ ಓದಿದರೆ ಬೇಗ ತೆಗೆಯುವ ಸವಲತ್ತು ಪ್ಲೈಗೆ ಮಾತ್ರ, ಪ್ರಾಪ್ 14 ದಿನ ಇರಲೇಬೇಕು. ಕನ್ಸಲ್ಟೆಂಟ್ ಕಡೆಯ ಕಿರಿಯ ಎಂಜಿನಿಯರ್ ಕೆಲಸ ನಿಲ್ಲಿಸಿದ್ದು ಇದೇ ಓದಿನ ಮೇಲೆ.

ನಾನು ತಾಂತ್ರಿಕ ವಿವರಣೆಯ ಮೊದಲ ಪುಟ ತೆಗೆದೆ. ಅಲ್ಲಿ ಫಾರ್ಮ್‌ವರ್ಕ್ ಅಂದರೆ ಹಲಗೆ, ಆಧಾರ, ಪ್ರಾಪ್, ಬ್ರೇಸಿಂಗ್ ಎಲ್ಲವೂ ಸೇರಿ ಅಂತ ವ್ಯಾಖ್ಯೆ ಇತ್ತು. ಕರಾರೇ ಅರ್ಥ ಕೊಟ್ಟ ಮೇಲೆ ವಾಡಿಕೆಗೆ ಜಾಗವಿಲ್ಲ. ಈ ಒಂದು ಅಂಶ ನಮಗೆ ಸಿಕ್ಕಿತು: ಬೇಗ ತೆಗೆಯುವ ಸವಲತ್ತಿನಲ್ಲಿ ಪ್ರಾಪ್ ಕೂಡ ಬರುತ್ತದೆ. ಹಿರಿಯರು ತಲೆಯಾಡಿಸಿ ಒಪ್ಪಿದರು. ಆಮೇಲೆ ಕೇಳಿದರು, "ಲಿಖಿತ ಒಪ್ಪಿಗೆ ಎಲ್ಲಿ?"

ಅದು ಇರಲಿಲ್ಲ. ಮೊದಲ ಸ್ಲ್ಯಾಬಿಗೂ ಮುಂಚೆ ನಾವು ಬಿಚ್ಚುವ ಕ್ರಮದ ಪ್ರಸ್ತಾವ ಕಳಿಸಿದ್ದೆವು. ಏಳು ದಿನದಲ್ಲಿ ಉತ್ತರ ಕೊಡಬೇಕು ಅಂತ ಕರಾರಿನಲ್ಲಿತ್ತು. ಉತ್ತರ ಬರಲೇ ಇಲ್ಲ. ನಾವು ಮೌನವನ್ನು ಒಪ್ಪಿಗೆ ಅಂದುಕೊಂಡೆವು. ಮನೆಯಲ್ಲಿ ನಡೆಯುವ ಲೆಕ್ಕ ಕರಾರಿನಲ್ಲಿ ನಡೆಯುವುದಿಲ್ಲ. "ಲಿಖಿತ" ಅಂತ ಬರೆದ ಮೇಲೆ ಮೌನ ಬರೀ ಮೌನ. ಆದರೆ ಆ ಮೌನವೂ ಅವರ ಕಡೆಯ ತಪ್ಪೇ. ಅದರ ಲೆಕ್ಕ ಮುಂದೆ ಬರುತ್ತದೆ.

ಯಾವುದು ಮೇಲು?

ಕರಾರಿನಲ್ಲಿ ಆದ್ಯತೆಯ ಪಟ್ಟಿ ಇತ್ತು: ವಿಶೇಷ ಷರತ್ತು, ಆಮೇಲೆ ಡ್ರಾಯಿಂಗ್, ಆಮೇಲೆ ತಾಂತ್ರಿಕ ವಿವರಣೆ. ಈ ಕ್ರಮ ಎಲ್ಲ ಕಡೆ ಒಂದೇ ಅಲ್ಲ. ಫಿಡಿಕ್ ಅನ್ನುವ ಅಂತರರಾಷ್ಟ್ರೀಯ ಎಂಜಿನಿಯರ್ ಒಕ್ಕೂಟದ 1999ರ ಮಾದರಿ ಕರಾರಿನಲ್ಲಿ, ಅಂದರೆ ಕೆಂಪು ಪುಸ್ತಕದಲ್ಲಿ, ವಿವರಣೆ ಮೊದಲು, ಡ್ರಾಯಿಂಗ್ ಆಮೇಲೆ. ಹಿಂದಿನ ಕೆಲಸದ ನೆನಪಿನಲ್ಲಿ ವಾದಕ್ಕಿಳಿದು ಮುಖ ಕೆಡಿಸಿಕೊಂಡವರನ್ನು ನಾನೇ ನೋಡಿದ್ದೇನೆ.

ಆದರೆ ಪಟ್ಟಿಯ ಕೆಲಸ ಶುರುವಾಗುವುದು ಎರಡು ಮಾತು ನಿಜಕ್ಕೂ ಡಿಕ್ಕಿ ಹೊಡೆದಾಗ. "ಐಎಸ್ 456 ಪ್ರಕಾರ" ಮತ್ತು "ಕನಿಷ್ಠ 14 ದಿನ" ಡಿಕ್ಕಿ ಹೊಡೆಯುವುದಿಲ್ಲ. ಕೋಡಿನ 7 ದಿನವೂ ಕನಿಷ್ಠವೇ. 14 ದಿನ ಇಟ್ಟರೆ ಎರಡೂ ಪಾಲಿಸಿದಂತಾಯಿತು. ಗೊಂದಲವೇ ಇಲ್ಲದ ಕಡೆ "ಬರೆದವರ ವಿರುದ್ಧ ಅರ್ಥ ಮಾಡಿ" ಅನ್ನಲು ಆಗುವುದಿಲ್ಲ. ಆ ಸೂತ್ರ ಬೇರೆಲ್ಲ ದಾರಿ ಮುಗಿದ ಮೇಲೆ ಹಿಡಿಯುವ ಊರುಗೋಲು. ಮೇಲಾಗಿ, ಕಣ್ಣಿಗೆ ಕಾಣುವ ವ್ಯತ್ಯಾಸವನ್ನು ಟೆಂಡರ್ ಮುಂಚೆ ಕೇಳಬೇಕಾದವರು ನಾವು. ನಮ್ಮ ಪ್ರಶ್ನೆಗಳ ಪಟ್ಟಿ ತೆಗೆದು ನೋಡಿದೆ. ಸೆಂಟ್ರಿಂಗ್ ಬಗ್ಗೆ ಒಂದೇ ಪ್ರಶ್ನೆ, ಅದೂ ಎತ್ತರಕ್ಕೆ ಜಾಸ್ತಿ ದರ ಸಿಗುತ್ತದಾ ಅಂತ.

ಹದಿನಾಲ್ಕು ಯಾಕೆ?

ಇಷ್ಟಾದರೂ ನನಗೆ ಒಂದು ಕಿರಿಕಿರಿ ಉಳಿದಿತ್ತು. ಕೇಳಿಯೇಬಿಟ್ಟೆ: "ಸರ್, 4.2 ಮೀಟರ್ ಸ್ಲ್ಯಾಬಿಗೆ 14 ದಿನ ಯಾಕೆ? ತನ್ನ ಭಾರ ತಾನು ಹೊರಲ್ವಾ?"

ಅವರು ಡ್ರಾಯಿಂಗ್ ಹಾಳೆಯ ಹಿಂಬದಿಯಲ್ಲಿ ಮೂರು ಗೆರೆ ಎಳೆದರು. ಮೂರು ಸ್ಲ್ಯಾಬ್. ಹನ್ನೊಂದನೇ ದಿನ ಮೂರನೇ ಸ್ಲ್ಯಾಬಿಗೆ ಕಾಂಕ್ರೀಟ್ ಬೀಳುತ್ತದೆ. ಅದರ ಪ್ರಾಪ್‌ಗಳು ನಿಂತಿರುವುದು ಎರಡನೇ ಸ್ಲ್ಯಾಬಿನ ಮೇಲೆ. ಹಸಿ ಕಾಂಕ್ರೀಟ್ ಚದರ ಮೀಟರ್‌ಗೆ 3.75 ಕಿಲೋನ್ಯೂಟನ್. ಪ್ಲೈ, ಪ್ರಾಪ್ ಸೇರಿ 0.5 ಅಂತಿಟ್ಟುಕೊಳ್ಳಿ. ಜನ, ಗಾಡಿ, ಪಂಪ್ ಪೈಪಿಗೆ ಅಮೆರಿಕದ ಫಾರ್ಮ್‌ವರ್ಕ್ ಮಾರ್ಗದರ್ಶಿ ಎಸಿಐ 347 ಹೇಳುವ ಕನಿಷ್ಠ 2.4. ಒಟ್ಟು 6.65. ಇದಕ್ಕೆ ಎರಡನೇ ಸ್ಲ್ಯಾಬಿನ ಸ್ವಂತ 3.75 ಸೇರಿಸಿದರೆ 10.4.

ಆ ಸ್ಲ್ಯಾಬನ್ನು ವಿನ್ಯಾಸ ಮಾಡಿದ್ದು ಎಷ್ಟಕ್ಕೆ? ಸ್ವಂತ ಭಾರ 3.75, ಬಳಕೆಯ ಭಾರ 3, ನೆಲಹಾಸು ಇತ್ಯಾದಿ 1.5. ಒಟ್ಟು 8.25.

ನಾನು ಎರಡು ಸಲ ಕೂಡಿದೆ. ಕಟ್ಟಡ ಮುಗಿದು ಜನ ತುಂಬಿದಾಗಲೂ ಬರದ ಭಾರ ಹನ್ನೊಂದು ದಿನದ ಹಸುಗೂಸಿನ ಮೇಲೆ ಬೀಳುತ್ತಿತ್ತು, ಕಾಲು ಪಾಲು ಜಾಸ್ತಿ. ಸುರಕ್ಷತಾ ಗುಣಕ 1.5 ಇರುವುದರಿಂದ ಪೂರ್ತಿ ಬಲಿತ ಸ್ಲ್ಯಾಬ್ ತಡೆದುಕೊಂಡೀತು. ಬಲಿಯದ್ದರ ಬಗ್ಗೆ ಯಾರೂ ಸಹಿ ಹಾಕಲಾರರು. ಕೋಡ್ ಕೂಡ ಇದನ್ನೇ ಹೇಳಿದೆ, ಕೋಷ್ಟಕದ ಕೆಳಗೆ, ನಾನು ಓದದ ಇನ್ನೊಂದು ಕಡೆ: ಉಳಿಸುವ ಪ್ರಾಪ್‌ಗಳು ಸ್ವಂತ ಭಾರದ ಜೊತೆಗೆ ಮುಂದಿನ ನಿರ್ಮಾಣದಲ್ಲಿ ಬರಬಹುದಾದ ಭಾರವನ್ನೂ ಹೊರುವಷ್ಟಿರಬೇಕು.

1973ರ ಮಾರ್ಚ್ 2ರಂದು ಅಮೆರಿಕದ ವರ್ಜೀನಿಯಾದ ಬೇಲೀಸ್ ಕ್ರಾಸ್‌ರೋಡ್ಸ್‌ನಲ್ಲಿ ಸ್ಕೈಲೈನ್ ಪ್ಲಾಜಾ ಕಟ್ಟಡ ಕುಸಿದದ್ದೂ ಹೀಗೇ ಅಂತ ಅವರು ನೆನಪಿಸಿದರು. 24ನೇ ಅಂತಸ್ತಿಗೆ ಕಾಂಕ್ರೀಟ್ ಹಾಕುತ್ತಿದ್ದರು. 23ರ ಅಡಿಯ ಪ್ರಾಪ್‌ಗಳನ್ನು ಬೇಗ ತೆಗೆದಿದ್ದರು. ಕಂಬದ ಸುತ್ತ ಸ್ಲ್ಯಾಬ್ ತೂತು ಬಿದ್ದಂತೆ ಕತ್ತರಿಸಿಕೊಂಡು ಇಳಿಯಿತು. 14 ಕೆಲಸಗಾರರು ಸತ್ತರು. ಅಲ್ಲಿದ್ದದ್ದು ಬೀಮ್ ಇಲ್ಲದ ಚಪ್ಪಟೆ ಸ್ಲ್ಯಾಬ್, ನಮ್ಮದು ಬೀಮ್ ಇರುವಂಥದ್ದು. ಆ ವ್ಯತ್ಯಾಸ ಹೇಳಿ ಸಮಾಧಾನ ಮಾಡಿಕೊಳ್ಳಲು ಬಾಯಿ ಬರಲಿಲ್ಲ.

ಟಿಪ್ಪಣಿ 17 ಅನ್ನು ಸ್ಲ್ಯಾಬಿನ ಸ್ವಂತ ಭಾರದ ಪ್ರಶ್ನೆಗೆ ಉತ್ತರ ಅಂತ ಓದಿದ್ದು ನನ್ನ ತಪ್ಪು. ಅದು ಮೇಲಿನ ಸ್ಲ್ಯಾಬಿನ ಪ್ರಶ್ನೆಗೆ ಉತ್ತರ. ಆದರೆ ನ್ಯಾಯವಾಗಿ ಹೇಳಬೇಕೆಂದರೆ ಆ ಉತ್ತರವೂ ಅರೆಬರೆ. ಮೇಲಿನ ಸ್ಲ್ಯಾಬ್ ತಡವಾಗಿ ಹದಿನೈದನೇ ದಿನ ಬಿದ್ದರೆ? 14 ದಿನ ಇಟ್ಟು ಬಿಚ್ಚಿ, ಮರುದಿನ ಅದೇ 10.4 ಹೊರಿಸಬಹುದು, ಟಿಪ್ಪಣಿ ಅಡ್ಡ ಬರುವುದಿಲ್ಲ. ಇದನ್ನು ಹೇಳಿದಾಗ ಹಿರಿಯರು ನಕ್ಕರು. "ಹೌದು, ಬರೆದವರು ದಿನ ಎಣಿಸಿದ್ದಾರೆ, ಸ್ಲ್ಯಾಬ್ ಎಣಿಸಿಲ್ಲ."

ಜಾಕಿ ಮುಟ್ಟದೇ ಬಿಡೋಣವಾ?

ನಾನು ಬುದ್ಧಿವಂತಿಕೆ ತೋರಿಸಲು ಹೋದೆ. "ಹಾಗಾದ್ರೆ ಪ್ಲೈ ಮಾತ್ರ ಇಳಿಸಿ ಜಾಕಿ ಮುಟ್ಟದೇ ಬಿಡೋಣ ಸರ್, ಅದೇ ಸೇಫ್ ಅಲ್ವಾ?"

"ಎರಡನೇ ಸ್ಲ್ಯಾಬಿನ ಭಾರ ಈಗ ಎಲ್ಲಿದೆ?" ಅಂದರು.

ಜಾಕಿಯಲ್ಲಿದೆ. ಜಾಕಿಯಿಂದ ಮೊದಲ ಸ್ಲ್ಯಾಬಿಗೆ ಹೋಗುತ್ತಿದೆ. ಮುಟ್ಟದೇ ಬಿಟ್ಟರೆ ಆ 3.75 ಅಲ್ಲೇ ಕೂತಿರುತ್ತದೆ. ಮೂರನೇ ಸ್ಲ್ಯಾಬಿನ 6.65ರಲ್ಲಿ ಹೆಚ್ಚುಕಡಿಮೆ ಅರ್ಧವೂ ಕೆಳಗಿಳಿಯುತ್ತದೆ. ತನ್ನ 3.75 ಕೂಡ ಸೇರಿ ಮೊದಲ ಸ್ಲ್ಯಾಬಿನ ಮೇಲೆ 10.8! ಅದರ ಅಡಿಯ ಜಾಕಿಗಳನ್ನು ನಾವು ಆಗಲೇ ತೆಗೆದಾಗಿತ್ತು.

ಅದೇ ಒಂದೊಂದು ಬೇ ಬಿಚ್ಚಿ, ಸ್ಲ್ಯಾಬ್ ತನ್ನ ಭಾರ ತಾನು ಹೊರುವಂತೆ ಬಿಟ್ಟು, ತಕ್ಷಣ ಜಾಕಿಯನ್ನು ಬರೀ ತಾಗುವಷ್ಟು ಕೊಟ್ಟರೆ? ಎರಡನೇ ಸ್ಲ್ಯಾಬ್ ತನ್ನ 3.75 ತಾನೇ ಹೊರುತ್ತದೆ. ಮೇಲಿನಿಂದ ಬರುವ 6.65 ಎರಡೂ ಸ್ಲ್ಯಾಬಿಗೆ ಹಂಚಿಕೆಯಾಗಿ, ಸ್ವಂತ ಭಾರ ಸೇರಿ ಒಂದೊಂದಕ್ಕೆ ಸುಮಾರು 7.1, ಅಂದರೆ 8.25ರ ಒಳಗೆ. ಈ ಹಂಚಿಕೆಯ ಸರಳ ಲೆಕ್ಕವನ್ನು 1963ರಲ್ಲೇ ಗ್ರಂಡಿ ಮತ್ತು ಕಬೈಲಾ ಬರೆದಿಟ್ಟಿದ್ದಾರೆ. ಪ್ರಾಪ್ ಕುಗ್ಗುವುದೇ ಇಲ್ಲ ಅಂತ ಅದು ಎಣಿಸುತ್ತದೆ, ಹಾಗಾಗಿ ಅಂಕಿ ಒರಟು. ಆದರೆ ದಾರಿ ತೋರಿಸುತ್ತದೆ. ಕೋಡಿನ "ತೆಗೆದ ತಕ್ಷಣ ಮತ್ತೆ ಕೊಡಬೇಕು" ಅನ್ನುವ ಮಾತನ್ನು ನಾನು ಇಷ್ಟು ವರ್ಷ ಬರೀ ಎಚ್ಚರಿಕೆ ಅಂದುಕೊಂಡಿದ್ದೆ. ಅದರಲ್ಲಿ ಇಷ್ಟೊಂದು ಲೆಕ್ಕ ಅಡಗಿದೆ ಅಂತ ಗೊತ್ತಿರಲಿಲ್ಲ.

ಈ "ತಾಗುವಷ್ಟು" ಅನ್ನುವುದನ್ನು ಮೇಸ್ತ್ರಿಗೆ ಹೇಳುವುದೇ ಒಂದು ಕೆಲಸವಾಯಿತು. ನಿಲ್ಲಿಸಿದ್ದ ಎರಡು ಬೇಗಳಿಗೆ ಹುಡುಗರು ಜಾಕಿ ವಾಪಸ್ ಕೊಡುವಾಗ, ರೂಢಿಯಂತೆ ಹಿಡಿಗೆ ಸುತ್ತಿಗೆಯಲ್ಲಿ ಹೊಡೆದು ಬಿಗಿ ಮಾಡುತ್ತಿದ್ದರು. ಹಾಗೆ ಬಿಗಿದರೆ ಸ್ಲ್ಯಾಬ್ ಮೇಲಕ್ಕೆ ತಳ್ಳಿಸಿಕೊಂಡು, ಕಬ್ಬಿಣವಿಲ್ಲದ ಮೇಲ್ಮೈಯಲ್ಲಿ ಬಿರುಕು ಬಿಡಬಹುದು. "ಕೈಯಲ್ಲಿ ತಿರುಗಿಸಿ, ಕೈಗೆ ನಿಂತಾಗ ಬಿಡಿ" ಅಂದರು ಹಿರಿಯರು. ಮೇಸ್ತ್ರಿಗೆ ನಂಬಿಕೆಯಾಗಲಿಲ್ಲ. "ಲೂಸ್ ಇದ್ದಂಗೆ ಇರುತ್ತಲ್ಲ ಸಾರ್" ಅನ್ನುತ್ತಲೇ ತಿರುಗಿಸಿದರು. ಆ ಎರಡು ಬೇಗಳನ್ನು ಟಾರ್ಚ್ ಹಾಕಿ ನೋಡಿದೆವು. ಬಿರುಕು ಕಾಣಲಿಲ್ಲ.

ದುಡ್ಡು ಮತ್ತು ದಿನ

ಇದು ಬೇಗ ಮುಗಿಯಿತು. ಮೂರನೇ ಸೆಟ್ ಪ್ರಾಪ್ ಬಾಡಿಗೆಗೆ ತರಬೇಕಾಯಿತು, ಅದರ ಖರ್ಚು ಕೇಳಿದೆವು. ಸಿಗಲಿಲ್ಲ. ಸಿಗಬೇಕಾಗಿಯೂ ಇರಲಿಲ್ಲ. ಸೆಂಟ್ರಿಂಗ್ ಅಳತೆ ಕಾಂಕ್ರೀಟಿಗೆ ತಾಗುವ ಮೇಲ್ಮೈ ಮೇಲೆ, ಎಷ್ಟು ಸೆಟ್ ಇಟ್ಟಿರಿ ಅನ್ನುವುದರ ಮೇಲಲ್ಲ. ನಮ್ಮ ದರದಲ್ಲೇ "ಪ್ರಾಪ್, ಮರುಪ್ರಾಪ್ ಎಲ್ಲ ಸೇರಿ" ಅಂತಿತ್ತು. ಟಿಪ್ಪಣಿ 17 ಟೆಂಡರ್ ದಿನವೇ ಅಲ್ಲಿತ್ತು.

ಆದರೆ ಪ್ರಸ್ತಾವಕ್ಕೆ ಉತ್ತರ ಕೊಡದೇ ಇದ್ದದ್ದು? ಏಳು ದಿನದಲ್ಲಿ "ಆಗಲ್ಲ" ಅಂದಿದ್ದರೂ ಮೂರನೇ ಸೆಟ್ ಮೊದಲೇ ತರಿಸುತ್ತಿದ್ದೆವು, ಕೆಲಸ ನಿಲ್ಲುತ್ತಿರಲಿಲ್ಲ. ಎಂಟನೇ ದಿನ ನಿಂತದ್ದು ಹದಿಮೂರನೇ ದಿನ ಲಿಖಿತ ಸೂಚನೆ ಬಂದ ಮೇಲೆ ಶುರುವಾಯಿತು. ಆ 5 ದಿನ ಅವಧಿ ವಿಸ್ತರಣೆ ಕೊಟ್ಟರು, ದಂಡವಿಲ್ಲದೆ. ನಾನು 12 ಕೇಳಿದ್ದೆ. ಐದು ನ್ಯಾಯವಾದ್ದು.

ಆ ಸೂಚನೆಯ ಒಕ್ಕಣೆ ನಾವಿಬ್ಬರೂ ಕೂತು ಬರೆದದ್ದು. ಪ್ಲೈ ಒಂದೊಂದು ಬೇ ಇಳಿಸಿ ತಕ್ಷಣ ಪ್ರಾಪ್ ಕೈಬಿಗಿಯಷ್ಟು ಕೊಡಬೇಕು, ಸ್ಲ್ಯಾಬಿನ ಪಕ್ಕದಲ್ಲಿಟ್ಟ ಕ್ಯೂಬ್ ಶೇ. 70 ತೋರಿಸಿದ ಮೇಲೆ ಮಾತ್ರ. ಮರುಪ್ರಾಪ್ ತೆಗೆಯುವುದು ಮೇಲಿನ ಸ್ಲ್ಯಾಬ್ ಹಾಕಿ, ಅದರ ಪಕ್ಕದ ಕ್ಯೂಬ್ ಅಷ್ಟೇ ಬಲ ತೋರಿಸಿದಾಗ. ದಿನದ ಅಂಕಿ ಒಂದೂ ಇರಲಿಲ್ಲ. ಮೇಸ್ತ್ರಿ ಪ್ರತಿ ಬೇಯ ಒಂದು ಜಾಕಿಗೆ ಸೀಮೆಸುಣ್ಣದಲ್ಲಿ "ಮೇಲಿಂದು ನೋಡಿ ಬಿಚ್ಚು" ಅಂತ ಬರೆಸಿದರು. ನಮ್ಮ ಒಕ್ಕಣೆಗಿಂತ ಅದೇ ಚೆನ್ನಾಗಿತ್ತು.

ಮುಂದಿನ ಟೆಂಡರ್ ಬಂದಾಗ ನನ್ನ ಮೊದಲ ಪ್ರಶ್ನೆ: "ಪ್ಲೈ, ಪ್ರಾಪ್, ಮರುಪ್ರಾಪ್, ಈ ಮೂರನ್ನೂ ತೆಗೆಯುವ ಷರತ್ತು ಬೇರೆ ಬೇರೆಯಾಗಿ ತಿಳಿಸಿ. ಮೇಲಿನ ಸ್ಲ್ಯಾಬ್ ಹಾಕುವಾಗ ಕೆಳಗೆ ಎಷ್ಟು ಅಂತಸ್ತಿಗೆ ಪ್ರಾಪ್ ಇರಬೇಕು?" ನಾಲ್ಕು ದಿನದಲ್ಲಿ ಉತ್ತರ ಬಂತು. ಒಂದೇ ಸಾಲು: "ಐಎಸ್ 456 ಪ್ರಕಾರ ನಡೆದುಕೊಳ್ಳಬೇಕು."

ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕಳಿಸಿದ್ದೇನೆ, ಈ ಸಲ ಮೂರು ಗೆರೆಯ ಚಿತ್ರದ ಜೊತೆ.